ಕಡತ ಯಾವ ಶಾಖೆಗೆ ಹೋಗಬೇಕು?

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಕೇರಿಯ ಹುಡುಗಿಯೊಬ್ಬಳು ಯುರೋಪಿನಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ. ವಿಷಯ ಜಾಗತಿಕ ರಾಜಕಾರಣ. ಎರಡು ದೇಶಗಳ ಎರಡು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಜಂಟಿ ಪಿಎಚ್‌ಡಿ ಅದು. ಅವಳ ಹೆಸರು, ವಿಶ್ವವಿದ್ಯಾಲಯಗಳ ಹೆಸರು ಇಲ್ಲಿ ಹಾಕ್ತಿಲ್ಲ. ಅವಳಿನ್ನೂ ಅಲ್ಲೇ ಓದು ಮುಗಿಸಬೇಕು. ಅವಳನ್ನ ಕೇಳಿಯೇ ಬರೀತಿದ್ದೀನಿ.

ಅವರಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಸಹಾಯಕಿ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಇವರು ಮುಟ್ಟಿದ ಅನ್ನ ಬೇಡ ಅಂತ ಕೆಲವು ಮನೆಯವರು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸ್ತಿದ್ದರು. ಅದೇ ಶಾಲೆಯಲ್ಲಿ ಓದಿದ ಮಗಳು ಈಗ ವಿಶ್ವಸಂಸ್ಥೆ, ಐಎಂಎಫ್ ಅಂತ ಓದ್ತಿದ್ದಾಳೆ ಅಂದರೆ ನಮಗೆ ಹೆಮ್ಮೆ ಇದ್ದೇ ಇರುತ್ತೆ. ಆದರೆ ಎರಡು ಪ್ರಶ್ನೆ ನನ್ನ ಕಿವಿಗೆ ಬೀಳ್ತಾ ಇವೆ. ಒಂದು ಕೇರಿಯವರದು: ‘ಪಿಎಚ್‌ಡಿ ಅಂದ್ರೆ ದೊಡ್ಡ ಪುಸ್ತಕ ಬರಿಯೋದಲ್ವಾ? ಅಷ್ಟು ಓದಿದ ಮೇಲೂ ಇನ್ನೂ ಕ್ಲಾಸಿಗೆ ಹೋಗ್ತಾಳಂತಲ್ಲ?’ ಇನ್ನೊಂದು ನಮ್ಮ ಸಂಘಟನೆಯ ಗೆಳೆಯರದು: ‘ಅಲ್ಲಿ ಕೂತು ಥಿಯರಿ ಓದಿದ್ರೆ ಇಲ್ಲಿ ಮ್ಯಾನ್‌ಹೋಲಿಗೆ ಇಳಿಯೋನಿಗೆ ಏನು ಸಿಗುತ್ತೆ?’ ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಕೊಡೋಕೆ ನೋಡ್ತೀನಿ.

ಮೊದಲು ಕ್ಲಾಸಿನ ವಿಷಯ. ಪಿಎಚ್‌ಡಿಗೆ ಸೇರಿದವರು ಪ್ರಬಂಧ ಬರೆಯೋಕೆ ಮುಂಚೆ ಒಂದಷ್ಟು ಪಾಠ ಕೇಳಬೇಕು, ಸೆಮಿನಾರ್ ಪೇಪರ್ ಬರೆಯಬೇಕು, ಪಾಸಾಗಬೇಕು. ಇದಕ್ಕೆ ಕೋರ್ಸ್‌ವರ್ಕ್ ಅಂತಾರೆ. ನಮ್ಮಲ್ಲೂ ಇದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ ಮಾಡಲೇಬೇಕು, ಅದರಲ್ಲಿ ಶೇ. 55 ಅಂಕ ಬಂದರೆ ಮಾತ್ರ ಮುಂದಕ್ಕೆ. ಯುರೋಪಿನಲ್ಲಿ ಇಸಿಟಿಎಸ್ ಅನ್ನೋ ಲೆಕ್ಕ. ಅಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಓದು. ಪೂರ್ತಿ ಒಂದು ವರ್ಷದ ಓದಿಗೆ 60 ಕ್ರೆಡಿಟ್.

ಜಂಟಿ ಪಿಎಚ್‌ಡಿಯಲ್ಲಿ ಇದು ಇನ್ನೂ ಸಿಕ್ಕು. ಎರಡೂ ಕಡೆ ಒಬ್ಬೊಬ್ಬ ಮಾರ್ಗದರ್ಶಕರು. ಒಂದಷ್ಟು ಕಾಲ ಇಲ್ಲಿ, ಒಂದಷ್ಟು ಕಾಲ ಅಲ್ಲಿ. ಒಂದು ಕಡೆ ಗಳಿಸಿದ ಕ್ರೆಡಿಟ್ಟನ್ನ ಇನ್ನೊಂದು ಕಡೆಯವರು ಒಪ್ಪಬೇಕು. ಯುರೋಪಿಯನ್ ಒಕ್ಕೂಟ ಮೊದಲು ಎರಾಸ್ಮಸ್ ಮುಂಡುಸ್ ಹೆಸರಲ್ಲಿ ಇಂಥ ಜಂಟಿ ಪಿಎಚ್‌ಡಿಗಳಿಗೆ ದುಡ್ಡು ಕೊಡ್ತಿತ್ತು, ಈಗ ಮಾರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಹೆಸರಿನ ಯೋಜನೆಯಲ್ಲಿ ಕೊಡುತ್ತೆ. ನಮ್ಮ ಯುಜಿಸಿ ಕೂಡ 2022ರಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜಂಟಿ ಪದವಿಗೆ ನಿಯಮ ಮಾಡಿದೆ. ಪಿಎಚ್‌ಡಿಯಾದರೆ ಎರಡೂ ಕಡೆ ಮಾರ್ಗದರ್ಶಕರು ಇರಬೇಕು, ಎರಡೂ ಕಡೆ ಕನಿಷ್ಠ ಒಂದೊಂದು ಸೆಮಿಸ್ಟರ್ ಇರಬೇಕು ಅಂತ ಅದರಲ್ಲಿದೆ. ಅಂದರೆ ಈ ದಾರಿ ಮುಂದೆ ನಮ್ಮ ಇನ್ನಷ್ಟು ಮಕ್ಕಳಿಗೆ ಎದುರಾಗುತ್ತೆ. ಅದಕ್ಕೇ ಇದನ್ನ ತಿಳಿದುಕೊಂಡಿರೋದು ಒಳ್ಳೇದು.

ನಾನು ಬಿಎ ಓದಿದೋನು, ಕಚೇರಿಯಲ್ಲಿ ಗುಮಾಸ್ತ. ಅವಳು ಭಾನುವಾರ ರಾತ್ರಿ ಫೋನ್ ಮಾಡ್ತಾಳೆ. ‘ಅಣ್ಣ, ಈ ವಾರ ಇದು ಓದಿದ್ವಿ’ ಅಂತ ಪಾಠಪಟ್ಟಿ ಕಳಿಸ್ತಾಳೆ, ಕೆಲವು ಸಲ ಪಿಡಿಎಫ್ಪೂ ಕಳಿಸ್ತಾಳೆ. ಮಧ್ಯಾಹ್ನ ಊಟದ ಹೊತ್ತಲ್ಲಿ ನಿಘಂಟು ಇಟ್ಕೊಂಡು ಓದ್ತೀನಿ. ಎಲ್ಲಾ ಅರ್ಥ ಆಗುತ್ತೆ ಅಂತ ಹೇಳಲ್ಲ. ಆದರೆ ಇಪ್ಪತ್ತು ವರ್ಷ ಕಡತ ನೋಡಿದೋನಿಗೆ ಯಾವ ಕಾಗದ ಮೇಲೆ ಇಟ್ಟಿದ್ದಾರೆ, ಯಾವುದನ್ನ ಅಡಿಗೆ ತಳ್ಳಿದ್ದಾರೆ ಅನ್ನೋದು ಬೇಗ ಕಾಣುತ್ತೆ.

ಅವಳ ಮುಖ್ಯ ಸೆಮಿನಾರಿನ ಪಟ್ಟಿ ನೋಡಿದೆ. ಹದಿಮೂರು ವಾರದ ಪಾಠ. ಶುರುವಿಗೆ ಗ್ರೀಕರ ಥುಸಿಡಿಡೀಸ್. ಆಮೇಲೆ ಯುರೋಪಿನ 1648ರ ವೆಸ್ಟ್‌ಫಾಲಿಯಾ ಒಪ್ಪಂದ, ಅಲ್ಲಿಂದಲೇ ಸಾರ್ವಭೌಮ ದೇಶಗಳ ಕಾಲ ಶುರುವಾಯ್ತು ಅನ್ನೋ ಪಾಠ. ಆಮೇಲೆ ಮಾರ್ಗೆಂಥಾವ್, 1979ರಲ್ಲಿ ಬಂದ ಕೆನೆತ್ ವಾಲ್ಟ್ಸ್ ಪುಸ್ತಕ, 1984ರ ರಾಬರ್ಟ್ ಕಿಯೋಹೇನ್ ಪುಸ್ತಕ, 1999ರ ಅಲೆಕ್ಸಾಂಡರ್ ವೆಂಟ್ ಪುಸ್ತಕ. ಹನ್ನೊಂದನೇ ವಾರಕ್ಕೆ ಬಂದಾಗ ‘ಇತರ ದೃಷ್ಟಿಕೋನಗಳು’. ವರ್ಣಭೇದ, ವಸಾಹತುಶಾಹಿ, ಸ್ತ್ರೀವಾದ ಎಲ್ಲಾ ಒಂದೇ ವಾರದಲ್ಲಿ, ಎರಡು ಗಂಟೆಯ ಕ್ಲಾಸು. ಜಾತಿ ಅನ್ನೋ ಪದ ಇಡೀ ಪಟ್ಟಿಯಲ್ಲಿ ಇಲ್ಲ.

ಇದರಲ್ಲಿ ವಾಲ್ಟ್ಸ್ ಹೇಳೋ ಮಾತನ್ನ ಅವಳು ನನಗೆ ಹೀಗೆ ಬಿಡಿಸಿ ಹೇಳಿದಳು. ಒಂದು ದೇಶದ ಒಳಗೆ ಮೇಲು–ಕೆಳಗು ಇರುತ್ತೆ, ಮೇಲೆ ಸರ್ಕಾರ, ಕೆಳಗೆ ಜನ. ದೇಶ ದೇಶಗಳ ನಡುವೆ ಹಾಗಿಲ್ಲ, ಎಲ್ಲರ ತಲೆ ಮೇಲೂ ಒಬ್ಬ ಯಜಮಾನ ಇಲ್ಲ. ಅದನ್ನ ಅವರು ಅರಾಜಕತೆ ಅಂತ ಕರೀತಾರೆ. ಕಾನೂನಿನ ಲೆಕ್ಕದಲ್ಲಿ ಎಲ್ಲ ದೇಶಗಳೂ ಸಮಾನ, ಬಲದಲ್ಲಿ ಮಾತ್ರ ಹೆಚ್ಚು ಕಮ್ಮಿ. ಈ ಶಾಸ್ತ್ರದ ಬಹುಪಾಲು ವಾದ ನಿಂತಿರೋದೇ ಈ ತಳಪಾಯದ ಮೇಲೆ, ಇಲ್ಲಾಂದ್ರೆ ಇದರ ಜೊತೆ ಜಗಳ ಆಡ್ತಾ.

ಇವಳು ಕೇಳಿದ್ದು: ‘ಅಣ್ಣ, ಯಜಮಾನ ಒಬ್ಬನೇ ಇಲ್ಲದಿದ್ದರೆ ಮೇಲು ಕೀಳು ಇರಲ್ವಾ? ನಮ್ಮೂರಲ್ಲಿ ಒಬ್ಬನೇ ಯಜಮಾನ ಇದ್ದನಾ?’

ಇಲ್ಲ. ಯಾರೂ ಆಜ್ಞೆ ಹೊರಡಿಸದೆಯೂ ನಮ್ಮ ಊರು ನಡೀತಿತ್ತು. ಯಾರು ಎಲ್ಲಿ ನೀರು ಸೇದಬೇಕು, ಯಾರು ಎಲ್ಲಿ ಕೂರಬೇಕು, ಎಲ್ಲರಿಗೂ ಗೊತ್ತಿತ್ತು. ಪ್ರತಿ ಜಾತಿಗೂ ತನ್ನ ಮೇಲಿನವರ ಮೇಲೆ ಸಿಟ್ಟು. ಆದರೆ ತನ್ನ ಕೆಳಗೊಬ್ಬ ಇದ್ದಾನಲ್ಲ ಅನ್ನೋ ಸಮಾಧಾನವನ್ನ ಬಿಟ್ಟುಕೊಡೋಕೆ ಯಾರೂ ತಯಾರಿಲ್ಲ. ಅದಕ್ಕೇ ಕೆಳಗಿನ ಎಲ್ಲರೂ ಒಟ್ಟಾಗಿ ಏಣಿಯನ್ನ ಬೀಳಿಸಲ್ಲ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಕರೆದದ್ದು ಇದನ್ನೇ. ಬರೀ ಬಡವ–ಬಲ್ಲಿದ ಅನ್ನೋ ಎರಡೇ ಮೆಟ್ಟಿಲ ಅಸಮಾನತೆಗಿಂತ ಇದು ಯಾಕೆ ಹೆಚ್ಚು ಕಾಲ ಬಾಳುತ್ತೆ ಅನ್ನೋದನ್ನ ಅವರು ವಿವರಿಸಿದ್ದರು.

ಈ ಹುಡುಗಿ ತನ್ನ ಸೆಮಿನಾರ್ ಪೇಪರಿನಲ್ಲಿ ಮಾಡಿದ್ದು ಇಷ್ಟೇ. ಆ ವಿವರಣೆಯನ್ನ ತಗೊಂಡು ಪ್ರಪಂಚದ ಮೇಲೆ ಇಟ್ಟು ನೋಡಿದಳು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 193 ದೇಶಕ್ಕೂ ಒಂದೊಂದು ಮತ. ಆದರೆ ಭದ್ರತಾ ಮಂಡಳಿಯಲ್ಲಿ ಐದೇ ದೇಶಕ್ಕೆ ವೀಟೋ. ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ. 85 ಮತ ಬೇಕು. ಅಮೆರಿಕ ಒಂದರ ಬಳಿಯೇ ಸುಮಾರು ಶೇ. 16.5 ಇದೆ, ಅದು ಬೇಡ ಅಂದರೆ ಆಗಲ್ಲ. ಭಾರತದ ಪಾಲು ಶೇ. 3ಕ್ಕಿಂತ ಕಡಿಮೆ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಲ್ಲಿ, 1967ರ ಜನವರಿ 1ಕ್ಕೆ ಮುಂಚೆ ಬಾಂಬ್ ಸಿಡಿಸಿದವರು ಇಟ್ಕೊಳ್ಳಬಹುದು, ಉಳಿದವರು ಮುಟ್ಟಬಾರದು.

ಇದು ಅನ್ಯಾಯ ಅಂತ ಹೇಳೋರು ಬೇಕಾದಷ್ಟಿದ್ದಾರೆ. ಅವಳ ಪ್ರಶ್ನೆ ಅದರ ಮುಂದಿನದು. ಇಷ್ಟು ಜನಕ್ಕೆ ಅನ್ಯಾಯ ಆದ ವ್ಯವಸ್ಥೆ ಯಾಕೆ ಬೀಳಲ್ಲ? ನಡುವಿನ ಮೆಟ್ಟಿಲ ದೇಶಗಳನ್ನ ನೋಡಿ ಅಂತಾಳೆ. ಅವು ವೀಟೋ ತೆಗೀರಿ ಅಂತ ಹೋರಾಡೋದಕ್ಕಿಂತ ನಮಗೂ ಒಂದು ಖಾಯಂ ಕುರ್ಚಿ ಕೊಡಿ ಅಂತ ಕೇಳ್ತವೆ. ಕುರ್ಚಿ ಸಿಕ್ಕರೆ ಏಣಿ ಇರಲಿ, ತಾನು ಒಂದು ಮೆಟ್ಟಿಲು ಮೇಲೆ. ಇದನ್ನ ಅರ್ಥ ಮಾಡಿಕೊಳ್ಳೋಕೆ ಅರಾಜಕತೆಗಿಂತ ಅಂಬೇಡ್ಕರ್ ಕೊಟ್ಟ ಸಲಕರಣೆ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದು ಅವಳ ವಾದ. ಪೇಪರಿನಲ್ಲಿ ಭಾರತದ ಬಗ್ಗೆ ಇದ್ದದ್ದು ಎರಡು ಪುಟ. ಉಳಿದದ್ದು ವಿಶ್ವಸಂಸ್ಥೆ, ಐಎಂಎಫ್, ಅಣ್ವಸ್ತ್ರ.

ಮೊದಲ ವಿಶ್ವವಿದ್ಯಾಲಯದ ಅಧ್ಯಾಪಕರು ಒಳ್ಳೆಯ ಅಂಕ ಕೊಟ್ಟರು. ಎರಡನೇ ವಿಶ್ವವಿದ್ಯಾಲಯದವರೂ ಕೂರುವ ಜಂಟಿ ಸಮಿತಿಗೆ ಹೋದಾಗ ಒಂದು ಷರಾ ಬಂತು. ಪೇಪರ್ ಚೆನ್ನಾಗಿದೆ, ಆದರೆ ಇದು ಜಾತಿಯ ಬಗ್ಗೆ ಇರೋದರಿಂದ ದಕ್ಷಿಣ ಏಷ್ಯಾ ಅಧ್ಯಯನಕ್ಕೆ ಸೇರುತ್ತೆ. ಮುಖ್ಯ ಸಿದ್ಧಾಂತದ ಕ್ರೆಡಿಟ್ ಅಂತ ಲೆಕ್ಕಕ್ಕೆ ತಗೊಳ್ಳೋಕೆ ಬರಲ್ಲ, ಐಚ್ಛಿಕ ಅಂತ ತಗೋಬಹುದು.

ಅವಳು ಅದನ್ನ ಓದಿ ಹೇಳಿದಾಗ ನನಗೆ ನಗು ಬಂತು, ಸಿಟ್ಟೂ ಬಂತು. ಯಾಕಂದ್ರೆ ಈ ಷರಾ ನನಗೆ ಬಾಯಿಪಾಠ. ನಮ್ಮ ಕಚೇರಿಗಳಲ್ಲಿ ಒಂದು ಅರ್ಜಿಯನ್ನ ಕೊಲ್ಲಬೇಕಾದರೆ ತಿರಸ್ಕರಿಸಬೇಕಾಗಿಲ್ಲ. ತಿರಸ್ಕರಿಸಿದರೆ ಕಾರಣ ಕೊಡಬೇಕು, ಅವನು ಮೇಲ್ಮನವಿ ಹಾಕ್ತಾನೆ. ‘ಸದರಿ ವಿಷಯವು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ, ಸಂಬಂಧಪಟ್ಟ ಶಾಖೆಗೆ ವರ್ಗಾಯಿಸಿದೆ’ ಅಂತ ಬರೆದರೆ ಸಾಕು. ಆವಕದಲ್ಲಿ ಬಂತು, ಜಾವಕದಲ್ಲಿ ಹೋಯ್ತು. ಆ ಶಾಖೆಯವರು ಇನ್ನೊಂದು ಶಾಖೆ ತೋರಿಸ್ತಾರೆ. ಸ್ಮಶಾನದ ಜಾಗ ಕೇಳಿದ ನಮ್ಮ ಜನರ ಅರ್ಜಿಗಳು ಹೀಗೆ ಕಂದಾಯ, ಪಂಚಾಯ್ತಿ, ಸಮಾಜ ಕಲ್ಯಾಣ ಅಂತ ಮೂರು ಕಡೆ ತಿರುಗಾಡಿದ್ದನ್ನ ನೀವೆಲ್ಲ ನೋಡಿದ್ದೀರಿ. ಯಾರೂ ‘ಕೊಡಲ್ಲ’ ಅಂದಿರಲ್ಲ.

ಈಗ ಅವಳ ಮುಂದೆ ಎರಡು ದಾರಿ. ಪೇಪರಿನ ಶೀರ್ಷಿಕೆಯಿಂದ ಜಾತಿ ಅನ್ನೋ ಪದ ತೆಗೆದು, ‘ಜಾಗತಿಕ ಶ್ರೇಣಿ’ ಅಂತ ಏನೋ ಹಾಕಿ, ಅಂಬೇಡ್ಕರ್ ಹೆಸರನ್ನ ಅಡಿಟಿಪ್ಪಣಿಗೆ ಇಳಿಸಿ ಮತ್ತೆ ಕೊಡೋದು. ಇಲ್ಲಾ, ಕಮ್ಮಿ ಬಿದ್ದ ಆರು ಕ್ರೆಡಿಟ್‌ಗೆ ಇನ್ನೊಂದು ಮುಖ್ಯ ಕೋರ್ಸ್ ಓದೋದು. ಆರು ಕ್ರೆಡಿಟ್ ಅಂದರೆ 150ರಿಂದ 180 ಗಂಟೆ. ಮೂರು ವರ್ಷಕ್ಕೆ ಮಾತ್ರ ಸಂಬಳ ಕೊಡುವ ಒಪ್ಪಂದದಲ್ಲಿ ಅಷ್ಟು ಗಂಟೆ ಎಲ್ಲಿಂದ ತರೋದು? ಪಕ್ಕದ ಕುರ್ಚಿಯ ಯುರೋಪಿನ ವಿದ್ಯಾರ್ಥಿಗೆ ಈ ಖರ್ಚು ಇಲ್ಲ. ಅವನ ಊರಿನ ಇತಿಹಾಸ ಹುಟ್ಟಿನಿಂದಲೇ ಜಾಗತಿಕ.

‘ಏನ್ ಮಾಡ್ಲಿ ಅಣ್ಣ?’ ಅಂತ ಕೇಳಿದಳು. ‘ನಿನ್ನ ಒಡಲು, ನಿನ್ನ ಓದು, ನೀನೇ ತೀರ್ಮಾನ ಮಾಡು ಕಣವ್ವ’ ಅಂದೆ. ಪದ ತೆಗೆಯಲ್ಲ ಅಂದಳು. ಸಮಿತಿಗೆ ಒಂದು ಆಕ್ಷೇಪಣೆ ಪತ್ರ ಬರೆದಳು, ಜೊತೆಗೆ ಅಂತರರಾಷ್ಟ್ರೀಯ ಕಾನೂನಿನ ಕೋರ್ಸಿಗೆ ಹೆಸರು ಕೊಟ್ಟಳು. ರಾತ್ರಿ ಒಂದು ಗಂಟೆವರೆಗೆ ಓದಿ ಮುಗಿಸಿದಳು.

ಆ ಕೋರ್ಸಿನಲ್ಲಿ ಸಿಕ್ಕಿದ್ದನ್ನ ಅವಳು ಒಂದೊಂದಾಗಿ ನನಗೆ ಹೇಳಿದಾಗ, ಈ ‘ವ್ಯಾಪ್ತಿಗೆ ಬರುವುದಿಲ್ಲ’ ಅನ್ನೋ ಷರಾದ ಇಡೀ ಚರಿತ್ರೆಯೇ ಕಣ್ಮುಂದೆ ಬಂತು.

1946ರಲ್ಲಿ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮೊದಲ ವರ್ಷವೇ, ದಕ್ಷಿಣ ಆಫ್ರಿಕದಲ್ಲಿ ಭಾರತೀಯರ ಮೇಲೆ ನಡೆಯುವ ಭೇದಭಾವದ ಬಗ್ಗೆ ಭಾರತ ದೂರು ಕೊಟ್ಟಿತು. ವಿಜಯಲಕ್ಷ್ಮಿ ಪಂಡಿತ್ ಭಾರತದ ಪರ ವಾದಿಸಿದರು. ದಕ್ಷಿಣ ಆಫ್ರಿಕ ಕೊಟ್ಟ ಉತ್ತರ: ಇದು ನಮ್ಮ ಆಂತರಿಕ ವಿಷಯ. ಭಾರತ ಅದನ್ನ ಒಪ್ಪಲಿಲ್ಲ. ಡಿಸೆಂಬರ್ 8ರಂದು ಸಭೆ ಭಾರತದ ಪರ ನಿರ್ಣಯ ಮಾಡಿತು. ಅದೇ ವರ್ಷ ಬಾಬಾಸಾಹೇಬರು ಅಮೆರಿಕದ ಕರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರೆ ಅಂತ ಕೇಳಿದ್ದೀನಿ, ಪ್ರತಿ ಕಳಿಸಿ, ಅಸ್ಪೃಶ್ಯರೂ ಹಾಗೆ ಮಾಡೋ ಯೋಚನೆಯಲ್ಲಿದ್ದೇವೆ ಅಂತ. ಡುಬಾಯ್ಸ್ ಜುಲೈ 31ರಂದು ಉತ್ತರ ಬರೆದರು. ಅಂದರೆ ಜಾತಿಯನ್ನ ಜಗತ್ತಿನ ಮುಂದೆ ಇಡಬೇಕು ಅನ್ನೋದು ನಿನ್ನೆ ಮೊನ್ನೆ ಎನ್‌ಜಿಒದವರು ಹುಟ್ಟಿಸಿದ ಮಾತಲ್ಲ.

1965ರ ಡಿಸೆಂಬರ್ 21ರಂದು ವಿಶ್ವಸಂಸ್ಥೆ ಜನಾಂಗೀಯ ತಾರತಮ್ಯದ ವಿರುದ್ಧ ಒಪ್ಪಂದ ಅಂಗೀಕರಿಸಿತು. ಅದರ ಮೊದಲನೇ ವಿಧಿಯಲ್ಲಿ ಜನಾಂಗ, ಬಣ್ಣದ ಜೊತೆ ‘ವಂಶಮೂಲ’ ಅನ್ನೋ ಪದವೂ ಇದೆ. ಆ ಪದ ಸೇರಿಸೋಕೆ ಸೂಚಿಸಿದ್ದು ಭಾರತ! ಆದರೆ 2001ರ ಆಗಸ್ಟ್ ಕೊನೆಗೆ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ವರ್ಣಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆದಾಗ, ದೇಶದ ನಾನಾ ಕಡೆಯಿಂದ ಹೋದ ದಲಿತ ಹೋರಾಟಗಾರರು ಜಾತಿಯನ್ನೂ ಸೇರಿಸಿ ಅಂತ ಕೇಳಿದರು. ನಮ್ಮ ಸರ್ಕಾರ ಹೇಳಿದ್ದು: ಜಾತಿ ಜನಾಂಗ ಅಲ್ಲ, ಅದು ನಮ್ಮ ಆಂತರಿಕ ವಿಷಯ. 1946ರಲ್ಲಿ ದಕ್ಷಿಣ ಆಫ್ರಿಕ ಬರೆದ ಷರಾವನ್ನ ಐವತ್ತೈದು ವರ್ಷದ ಮೇಲೆ ದಕ್ಷಿಣ ಆಫ್ರಿಕದ ನೆಲದಲ್ಲೇ ನಿಂತು ಭಾರತ ಬರೆಯಿತು. ಕರಡಿನಲ್ಲಿದ್ದ ಕಸುಬು ಮತ್ತು ವಂಶಮೂಲದ ಭೇದದ ಸಾಲು ಕೊನೆಯ ದಾಖಲೆಗೆ ಬರಲೇ ಇಲ್ಲ. ಮಾರನೇ ವರ್ಷ, 2002ರಲ್ಲಿ, ಆ ಒಪ್ಪಂದದ ಉಸ್ತುವಾರಿ ಸಮಿತಿಯೇ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ವಂಶಮೂಲ ಅಂದರೆ ಜಾತಿಯೂ ಸೇರುತ್ತೆ ಅಂತ ಸ್ಪಷ್ಟ ಮಾಡಿತು. ಈ ಶಿಫಾರಸನ್ನ ನಮ್ಮ ಎಷ್ಟು ಸಭೆಗಳಲ್ಲಿ ನಾವು ಹೇಳಿದ್ದೀವಿ?

ಇನ್ನು ಮನೆಯ ಕಡೆ ನೋಡಿ. ಪರಿಶಿಷ್ಟ ಜಾತಿ ಮತ್ತಿತರ ವಿದ್ಯಾರ್ಥಿಗಳು ವಿದೇಶದಲ್ಲಿ ಓದೋಕೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಸ್ಥಾನ. ಅದರಲ್ಲಿ 115 ಪರಿಶಿಷ್ಟ ಜಾತಿಗೆ. 2022ರಲ್ಲಿ ಇದರ ಮಾರ್ಗಸೂಚಿಗೆ ಒಂದು ಷರತ್ತು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಕುರಿತ ಸಂಶೋಧನೆಗೆ ಈ ದುಡ್ಡು ಸಿಗಲ್ಲ. ಅವನ್ನ ಇಲ್ಲೇ ಓದಬಹುದಲ್ಲ ಅನ್ನೋ ವಾದ. 2025ರಲ್ಲಿ 106 ಜನ ಆಯ್ಕೆಯಾದರೂ ಮೊದಲಿಗೆ ಪತ್ರ ಸಿಕ್ಕಿದ್ದು 40 ಜನಕ್ಕೆ, ಉಳಿದವರಿಗೆ ಅನುದಾನ ನೋಡಿಕೊಂಡು ಅಂದರು. ಅದು ಬೇರೆ ಕಥೆ.

ಈಗ ಎರಡೂ ಷರಾ ಪಕ್ಕ ಪಕ್ಕ ಇಟ್ಟು ಓದಿ. ಇಲ್ಲಿನವರು ಹೇಳ್ತಾರೆ: ಜಾತಿ ಭಾರತದ್ದು, ಅದನ್ನ ಓದೋಕೆ ಹೊರಗೆ ಯಾಕೆ ಹೋಗ್ತೀಯ? ಅಲ್ಲಿನವರು ಹೇಳ್ತಾರೆ: ಜಾತಿ ಭಾರತದ್ದು, ಜಾಗತಿಕ ರಾಜಕಾರಣದ ಕೋರ್ಸಿಗೆ ಯಾಕೆ ತಂದೆ? ಇಬ್ಬರೂ ಬೈದಿಲ್ಲ, ಇಬ್ಬರೂ ತಡೆದಿಲ್ಲ. ಕಡತ ಮಾತ್ರ ಎರಡು ಕಚೇರಿಗಳ ನಡುವಿನ ಕಾರಿಡಾರಿನಲ್ಲಿ ಬಿದ್ದಿದೆ.

ಹಾಗಾದರೆ ಜಾಗತಿಕ ರಾಜಕಾರಣ ಅನ್ನೋ ಶಾಖೆಯಲ್ಲಿ ಮೊದಲಿಂದ ಏನಿತ್ತು? ಹನ್ನೊಂದನೇ ವಾರದ ಓದಿನಲ್ಲಿ ರಾಬರ್ಟ್ ವಿಟಾಲಿಸ್ ಅನ್ನೋರ 2015ರ ಪುಸ್ತಕ ಇತ್ತು. ಇವತ್ತು ಇಡೀ ಜಗತ್ತಿನ ಮಂತ್ರಿ, ರಾಯಭಾರಿಗಳು ಓದುವ ‘ಫಾರಿನ್ ಅಫೇರ್ಸ್’ ಪತ್ರಿಕೆಯ ಹಿಂದಿನ ಕಥೆ ಅದರಲ್ಲಿದೆ. 1910ರಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ‘ಜರ್ನಲ್ ಆಫ್ ರೇಸ್ ಡೆವಲಪ್‌ಮೆಂಟ್’ ಅನ್ನೋ ಪತ್ರಿಕೆ ಹೊರಟಿತು. ಜನಾಂಗಗಳ ಅಭಿವೃದ್ಧಿಯ ಪತ್ರಿಕೆ! 1919ರಲ್ಲಿ ಅದರ ಹೆಸರು ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಅಂತ ಬದಲಾಯ್ತು. 1922ರಲ್ಲಿ ‘ಫಾರಿನ್ ಅಫೇರ್ಸ್’ ಶುರುವಾದಾಗ ಅದರೊಳಗೆ ಸೇರಿಹೋಯ್ತು. ಅಂದರೆ ಯಾವ ಜನಾಂಗ ಮೇಲು, ಯಾವುದು ಕೀಳು, ಕೀಳಾದವರನ್ನ ಹೇಗೆ ಆಳೋದು ಅನ್ನೋ ಚರ್ಚೆಯ ಮನೆಯಲ್ಲೇ ಈ ಶಾಸ್ತ್ರ ಬೆಳೆದದ್ದು. ಆಮೇಲೆ ಬೋರ್ಡ್ ಬದಲಾಯ್ತು. ಮೇಲು ಕೀಳಿನ ಮಾತು ಈ ಶಾಸ್ತ್ರಕ್ಕೆ ಹೊರಗಿನದು ಅನ್ನೋರಿಗೆ ಅವರದೇ ಹಳೇ ದಾಖಲೆ ತೋರಿಸಬಹುದು.

ಅದೇ ಪುಸ್ತಕದಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದ ಕರಿಯ ಪ್ರಾಧ್ಯಾಪಕರ ಕಥೆಯೂ ಇದೆ. ರಾಲ್ಫ್ ಬಂಚ್ 1934ರಲ್ಲಿ ಹಾರ್ವರ್ಡ್‌ನಿಂದ ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದವರು, 1950ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಕರಿಯರು. ಮರ್ಜ್ ಟೇಟ್ ಅನ್ನೋ ಹೆಣ್ಣುಮಗಳು ಆಕ್ಸ್‌ಫರ್ಡ್‌ನಲ್ಲಿ ಓದಿ, 1941ರಲ್ಲಿ ಹಾರ್ವರ್ಡ್‌ನ ಹೆಣ್ಣುಮಕ್ಕಳ ಕಾಲೇಜಾದ ರ‍್ಯಾಡ್‌ಕ್ಲಿಫ್‌ನಿಂದ ಪಿಎಚ್‌ಡಿ ತಗೊಂಡರು. ನಿಶ್ಶಸ್ತ್ರೀಕರಣದ ಬಗ್ಗೆ ಪುಸ್ತಕ ಬರೆದರು, 1950–51ರಲ್ಲಿ ಶಾಂತಿನಿಕೇತನಕ್ಕೂ ಬಂದಿದ್ದರು. ಇವರ ಹೆಸರು ಮುಖ್ಯ ವಾರಗಳ ಪಾಠದಲ್ಲಿ ಇಲ್ಲ. ಓದಿದರು, ಬರೆದರು, ಆದರೂ ಪಟ್ಟಿಗೆ ಸೇರಲಿಲ್ಲ. ಹಾಗಾಗಿ ಬರೀ ಪಿಎಚ್‌ಡಿ ತಗೊಂಡರೆ ಸಾಲದು. ಪಾಠಪಟ್ಟಿ ಯಾರ ಕೈಯಲ್ಲಿದೆ ಅನ್ನೋದು ದೊಡ್ಡ ಪ್ರಶ್ನೆ.

ಇಲ್ಲಿ ಬಾಬಾಸಾಹೇಬರ ಕೋರ್ಸ್‌ವರ್ಕ್ ಬಗ್ಗೆ ಹೇಳಲೇಬೇಕು. ನಾವು ಅವರ ಪದವಿಗಳ ಪಟ್ಟಿಯನ್ನ ಫ್ಲೆಕ್ಸ್‌ನಲ್ಲಿ ಹಾಕ್ತೀವಿ, ಆ ಪದವಿಗೆ ಏನೇನು ಓದಿದರು ಅಂತ ಕೇಳಲ್ಲ. 1913ರಲ್ಲಿ ಬರೋಡ ಮಹಾರಾಜರ ನೆರವಿನಿಂದ ಕೊಲಂಬಿಯಾಕ್ಕೆ ಹೋದವರು ಮೂರು ವರ್ಷದಲ್ಲಿ ಅರ್ಥಶಾಸ್ತ್ರದ 29, ಇತಿಹಾಸದ 11, ಸಮಾಜಶಾಸ್ತ್ರದ 6, ತತ್ವಶಾಸ್ತ್ರದ 5, ಮಾನವಶಾಸ್ತ್ರದ 4, ರಾಜಕೀಯದ 3 ಕೋರ್ಸ್ ತಗೊಂಡರು. ಜೊತೆಗೆ ಫ್ರೆಂಚ್, ಜರ್ಮನ್ ಒಂದೊಂದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು? ಬೇರೆ ಬೇರೆ ಶಾಖೆಗಳ ಕಡತ ಒಬ್ಬನೇ ಓದಿದರೆ ಮಾತ್ರ ಯಾರೂ ‘ಇದು ನಮ್ಮದಲ್ಲ’ ಅಂತ ಸಾಗಹಾಕೋಕೆ ಆಗಲ್ಲ. ನನಗೆ ಅನಿಸೋದು ಹಾಗೆ.

1916ರ ಮೇ 9ರಂದು ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅವರು ಓದಿದ ಪ್ರಬಂಧವೇ ‘ಕಾಸ್ಟ್ಸ್ ಇನ್ ಇಂಡಿಯಾ’. ನಾವು ಗ್ರಂಥ ಅಂತ ತಲೆ ಮೇಲೆ ಹೊತ್ತಿರೋದು ಕ್ಲಾಸಿಗೆ ಬರೆದ ಸೆಮಿನಾರ್ ಪೇಪರ್ ಗೆಳೆಯರೇ. ಆಗ ಅವರಿಗೆ 25 ವರ್ಷ. ಅದರಲ್ಲೇ, ಕೇತ್ಕರ್ ಅನ್ನೋ ವಿದ್ವಾಂಸರ ಮಾತು ಎತ್ತಿಕೊಂಡು, ಹಿಂದೂಗಳು ಬೇರೆ ನೆಲಕ್ಕೆ ವಲಸೆ ಹೋದರೆ ಜಾತಿ ಪ್ರಪಂಚದ ಸಮಸ್ಯೆಯೇ ಆಗುತ್ತೆ ಅನ್ನೋ ಎಚ್ಚರಿಕೆ ಕೊಟ್ಟಿದ್ದಾರೆ.

ಆಗಿಲ್ಲವಾ? 2019ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ವಿರೋಧಿ ನಿಯಮಕ್ಕೆ ಜಾತಿಯನ್ನ ಸೇರಿಸಿತು. 2022ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ 23 ಕ್ಯಾಂಪಸ್‌ಗೂ ಸೇರಿಸಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯ ನಿಷೇಧಿಸಿತು, ಅಮೆರಿಕದಲ್ಲಿ ಅದೇ ಮೊದಲ ನಗರ. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ ಮಸೂದೆಯನ್ನ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಅಕ್ಟೋಬರ್ 7ರಂದು ತಡೆಹಿಡಿದರು. ಈಗಿರುವ ಕಾನೂನಲ್ಲೇ ಇದು ಬರುತ್ತೆ ಅನ್ನೋ ಕಾರಣ ಕೊಟ್ಟರು. ಬ್ರಿಟನ್ ಸರ್ಕಾರವೂ 2018ರಲ್ಲಿ ಸಮಾನತಾ ಕಾಯ್ದೆಗೆ ಜಾತಿ ಸೇರಿಸಲ್ಲ, ಕೋರ್ಟುಗಳು ನೋಡಿಕೊಳ್ತವೆ ಅಂತು. ಮತ್ತೆ ಸಂಬಂಧಪಟ್ಟ ಶಾಖೆ! ಜಾತಿ ವೀಸಾ ತಗೊಂಡು ಸಮುದ್ರ ದಾಟಿ ನೂರು ವರ್ಷ ಆಯ್ತು. ಪಾಠಪಟ್ಟಿಗೆ ಮಾತ್ರ ಇನ್ನೂ ಪ್ರವೇಶ ಸಿಕ್ಕಿಲ್ಲ.

ಅವಳ ಆಕ್ಷೇಪಣೆ ಪತ್ರಕ್ಕೆ ಎರಡು ತಿಂಗಳ ಮೇಲೆ ಉತ್ತರ ಬಂತು. ಈ ವರ್ಷದ ಕ್ರೆಡಿಟ್ ಲೆಕ್ಕ ಬದಲಾಯಿಸೋಕೆ ಆಗಲ್ಲ. ಆದರೆ ಮುಂದಿನ ವರ್ಷದ ಸೆಮಿನಾರಿಗೆ ನಿಮ್ಮ ಕಡೆಯಿಂದ ಓದಿನ ಪಟ್ಟಿ ಕೊಡಬಹುದು, ಪರಿಶೀಲಿಸ್ತೀವಿ. ಅವಳು ಪಟ್ಟಿ ಕೊಟ್ಟಿದ್ದಾಳೆ. 1916ರ ಆ ಪ್ರಬಂಧ, ಡುಬಾಯ್ಸ್ ಜೊತೆಗಿನ ಪತ್ರ, 29ನೇ ಶಿಫಾರಸು, ಟೇಟ್ ಅವರ ಒಂದು ಪುಸ್ತಕ. ಹನ್ನೊಂದನೇ ವಾರಕ್ಕೆ ಬೇಡ, ಸಾರ್ವಭೌಮತ್ವದ ವಾರಕ್ಕೆ, ಅರಾಜಕತೆಯ ವಾರಕ್ಕೆ ಸೇರಿಸಿ ಅಂತ ಬರೆದಿದ್ದಾಳೆ. ಸೇರಿಸ್ತಾರೋ, ‘ಪರಿಶೀಲನೆಯಲ್ಲಿದೆ’ ಅಂತಾರೋ ಗೊತ್ತಿಲ್ಲ. ಕಡತವಂತೂ ಆ ಶಾಖೆಯ ಮೇಜಿನ ಮೇಲೆ ಇದೆ. ಅದನ್ನ ಅಲ್ಲಿ ಇಡೋಕೆ ಅವಳು 180 ಗಂಟೆ ಖರ್ಚು ಮಾಡಿದಳು.

ಈಗ ಮ್ಯಾನ್‌ಹೋಲಿನ ಪ್ರಶ್ನೆ. ಆ ಪ್ರಶ್ನೆ ಕೇಳಿದ ಗೆಳೆಯನ ಮೇಲೆ ನನಗೆ ಗೌರವ ಇದೆ, ಅವನು ಆ ಹೆಣಗಳನ್ನ ಹೊತ್ತವನು. ನನ್ನ ಉತ್ತರ ಇದು. ಆ ಸಾವು ಕಾರ್ಮಿಕ ಇಲಾಖೆಗೆ ಬರೀ ಅಪಘಾತ, ಪೊಲೀಸರಿಗೆ ನಿರ್ಲಕ್ಷ್ಯದ ಕೇಸು, ವಿಶ್ವಸಂಸ್ಥೆಯಲ್ಲಿ ಕೂರುವ ಅಧಿಕಾರಿಗೆ ಭಾರತದ ಆಂತರಿಕ ವಿಷಯ. ಹೀಗೆ ಸಾಗಹಾಕುವವರು ಇದನ್ನ ಎಲ್ಲಿ ಕಲಿತರು? ನಾಳೆಯ ರಾಯಭಾರಿ, ವಿಶ್ವಸಂಸ್ಥೆಯ ಅಧಿಕಾರಿ, ಅಂಥವರಿಗೆ ಪಾಠ ಹೇಳುವ ಪ್ರೊಫೆಸರ್ ಇವತ್ತು ಕೂತು ಓದ್ತಿರೋದು ಇಂಥ ಕ್ಲಾಸುಗಳಲ್ಲೇ. ಯಾವುದು ಪ್ರಪಂಚದ ವಿಷಯ, ಯಾವುದು ಊರಿನ ವಿಷಯ ಅಂತ ಅವರು ಕಲಿಯೋದು ಅಲ್ಲೇ. ನಮ್ಮ ದಸಂಸ ಕಟ್ಟಿದ ಹಿರಿಯರು ಬೀದಿ ಹೋರಾಟದ ಜೊತೆಜೊತೆಗೇ ಅಧ್ಯಯನ ಶಿಬಿರ ಮಾಡ್ತಿದ್ದದ್ದು ಸುಮ್ಮನೆ ಅಲ್ಲ. ಅದು ನಮ್ಮ ಕೋರ್ಸ್‌ವರ್ಕ್. ಆ ಶಿಬಿರಗಳು ಕಮ್ಮಿಯಾದ ಮೇಲೆ ನಮ್ಮ ಭಾಷಣಗಳೂ ತೆಳುವಾಗಿವೆ.

ಇನ್ನು ಪಿಎಚ್‌ಡಿಗೆ ಹೋಗಬೇಕು ಅಂತಿರೋ ತಮ್ಮ ತಂಗಿಯರಿಗೆ, ಅವಳೇ ಹೇಳು ಅಂದ ನಾಲ್ಕು ಮಾತು. ಅರ್ಜಿ ಹಾಕೋಕೆ ಮುಂಚೆಯೇ ಆ ಕಾರ್ಯಕ್ರಮದ ಪಾಠಪಟ್ಟಿ ತರಿಸಿ ಓದಿ. ಒಂದು ಕಡೆಯ ಕ್ರೆಡಿಟ್ ಇನ್ನೊಂದು ಕಡೆ ಯಾವ ಲೆಕ್ಕಕ್ಕೆ ಸೇರುತ್ತೆ ಅಂತ ಮೊದಲ ತಿಂಗಳಲ್ಲೇ ಬರಹದಲ್ಲಿ ತಗೊಳ್ಳಿ, ಬಾಯಿಮಾತು ನಂಬಬೇಡಿ. ಅಂಕಿಅಂಶ, ಸಂಶೋಧನಾ ವಿಧಾನದ ಕೋರ್ಸುಗಳಿಗೆ ಹೆದರಿ ಓಡಬೇಡಿ, ನಮ್ಮ ವಾದವನ್ನ ‘ಅನುಭವ ಕಥನ’ ಅಂತ ಪಕ್ಕಕ್ಕೆ ಇಡದಂತೆ ಕಾಯೋದು ಅವೇ. ಯುರೋಪಿನ ಮಾರಿ ಕ್ಯೂರಿ ಯೋಜನೆಯಲ್ಲಿ ಪಿಎಚ್‌ಡಿ ವಿದ್ಯಾರ್ಥಿಯನ್ನ ಸಂಬಳಕ್ಕೆ ನೇಮಿಸಿಕೊಳ್ತಾರೆ, ಯಾವ ದೇಶದವರೂ ಅರ್ಜಿ ಹಾಕಬಹುದು. ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಆ ದೇಶದಲ್ಲಿ ಇದ್ದಿರಬಾರದು, ಅದು ಮುಖ್ಯ ಷರತ್ತು. ಹುಡುಕಿ.

ಅಲ್ಲಿ ಹೋದ ಮೇಲೆ ನಿಮ್ಮನ್ನ ಉದಾಹರಣೆ ಮಾಡೋಕೆ ನೋಡ್ತಾರೆ. ನಿಮ್ಮ ಅಮ್ಮನ ಅಡುಗೆಮನೆಯ ಕಥೆ ಹೇಳಿ ಅಂತಾರೆ, ಕಣ್ಣೀರು ಹಾಕ್ತಾರೆ, ಅದನ್ನ ಹನ್ನೊಂದನೇ ವಾರದಲ್ಲಿ ಇಡ್ತಾರೆ. ಕಥೆ ಹೇಳಿ, ಬೇಡ ಅನ್ನಲ್ಲ. ಆದರೆ ಆ ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರಪಂಚ ಹೇಗೆ ಕಾಣುತ್ತೆ, ಭದ್ರತಾ ಮಂಡಳಿ ಹೇಗೆ ಕಾಣುತ್ತೆ ಅನ್ನೋದನ್ನೂ ಹೇಳಿ. ಅದು ಸಿದ್ಧಾಂತ. ಅದಕ್ಕೆ ಮುಖ್ಯ ಕ್ರೆಡಿಟ್ ಕೇಳಿ.

ಇಲ್ಲಿರೋ ನಾವು ಮಾಡಬೇಕಾದ್ದೂ ಇದೆ. 29ನೇ ಶಿಫಾರಸು, 1946ರ ಪತ್ರ, 1916ರ ಪ್ರಬಂಧ ಮೂರನ್ನೂ ಇಟ್ಟುಕೊಂಡು ಈ ಡಿಸೆಂಬರ್ 6ರ ಹೊತ್ತಿಗೆ ನಮ್ಮ ತಾಲ್ಲೂಕಿನಲ್ಲಿ ಒಂದು ದಿನದ ಓದು ನಡೆಸಬೇಕು ಅಂತಿದ್ದೀನಿ. ಪಿಎಚ್‌ಡಿ ಮಾಡಿದವರು ಬನ್ನಿ, ಹತ್ತನೇ ಕ್ಲಾಸಿಗೆ ಬಿಟ್ಟವರೂ ಬನ್ನಿ. ಜೆರಾಕ್ಸ್ ಖರ್ಚು ನನ್ನದು. ಬರೋರು ಕೆಳಗೆ ಹೆಸರು ಹಾಕಿ.

ಜೈ ಭೀಮ್.